ಗಾಡಿಯ ಮೇಲೊಂದು ಅಟ್ಟ

ಕ್ರಿಸ್‌ಮಸ್ ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗ ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ರೈಲಿಳಿದವನೇ, ಕಾಲಿಗೆ ನಮಸ್ಕಾರ ಮಾಡುವುದಕ್ಕೂ ಮುಂಚೆ ಒಂದು ಹಾಳೆ ನನ್ನ ಕೈಗಿಟ್ಟ. ಅದರಲ್ಲೊಂದು ಕಾರು, ಕಾರಿನ ಹಿಂದೆ ಎರಡು ಚಕ್ರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಡೇರೆ, ಡೇರೆಯ ತುದಿಗೆ ಬಾವುಟ. "ತಾತ, ಇದನ್ನ ನಾವೇ ಮಾಡೋಣ. ಹತ್ತು ದಿನ ರಜ ಇದೆ" ಎಂದ.

ಹೊರದೇಶಗಳಲ್ಲಿ ಇಂಥದ್ದನ್ನು ಕಾರಿನ ಹಿಂದೆ ಕಟ್ಟಿಕೊಂಡು ಕಾಡು, ಸಮುದ್ರದ ದಂಡೆ ಎಂದು ತಿರುಗುತ್ತಾರೆ. ಹಗಲು ಡೇರೆ ಮಡಚಿಕೊಂಡು ಛಾವಣಿಯ ಮೇಲೆ ಕೂತಿರುತ್ತದೆ. ರಾತ್ರಿ ಬಿಚ್ಚಿದರೆ ಮಲಗುವ ಮನೆ, ಹತ್ತುವುದಕ್ಕೊಂದು ಏಣಿ. ನಮ್ಮ ಹುಡುಗ ಅದಕ್ಕೆ ತಾನೇ ಹೆಸರಿಟ್ಟಿದ್ದ: ಗಾಡಿ ಅಟ್ಟ. ನಮ್ಮ ಕಡೆಯ ಮಕ್ಕಳಿಗೆ ಅಟ್ಟ ಏನೆಂದು ಹೇಳಬೇಕಾಗಿಲ್ಲ. ಸುಲಿಯದ ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಮಲಗಿದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿ ಆಗುತ್ತದಲ್ಲ, ಅದೇ ಅಟ್ಟ. "ಕಾಯಿ ಒಂದು ವರ್ಷ ಮಲಗುತ್ತೆ, ನಾವು ಒಂದು ರಾತ್ರಿ ಮಲಗಬಾರದಾ?" ಎಂದು ಅವನ ವಾದ.

ಕಾರಿನ ಹಿಂದೆ ಕಟ್ಟುವುದು ಆಗದ ಮಾತು ಎಂದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ನೋಂದಣಿ ಬೇಕು. ಮನೆಯಲ್ಲಿ ಮೊಳೆ ಹೊಡೆದು ಮಾಡಿದ್ದನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತು ಎಳೆದರೆ?" ಎಂದ. ಎತ್ತು ಎಳೆದರೆ ಅದು ಟ್ರೈಲರ್ ಅಲ್ಲ, ಗಾಡಿ. ನನ್ನ ಬಾಯಿ ಕಟ್ಟಿತು.

ನಮ್ಮ ಹಿತ್ತಲಿನಲ್ಲಿ ಅಣ್ಣನ ಟೈರ್ ಗಾಡಿ ನಿಂತು ಎರಡು ವರ್ಷವಾಗಿತ್ತು. ಎತ್ತು ಮಾರಿದ ಮೇಲೆ ಅದರ ಮೇಲೆ ಕೋಳಿ ಕೂರುತ್ತಿದ್ದವು. ಅಣ್ಣನ ಮಗ ಗುಜರಿಯವನ ಹತ್ತಿರ ಮಾತಾಡಿಯೂ ಆಗಿತ್ತು. ಅಣ್ಣನಿಗೆ ಎಂಬತ್ತು ದಾಟಿದೆ. ಎತ್ತು ಹೋದಂದಿನಿಂದ ಅವನು ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟಿದ್ದ. ಮೊಮ್ಮಗ ನೇರವಾಗಿ ಹೋಗಿ ಕೇಳಿದ: "ದೊಡ್ಡ ತಾತ, ನಿಮ್ಮ ಗಾಡಿ ಕೊಡ್ತೀರಾ?"

"ಅದು ಗಾಡಿ ಕಣಯ್ಯ, ಆಟದ ಸಾಮಾನಲ್ಲ" ಎಂದು ಅಣ್ಣ ಮಗ್ಗುಲು ತಿರುಗಿಸಿದ. ಬೇಡ ಅಂತಲೂ ಅನ್ನಲಿಲ್ಲ ಎಂದು ನಾವು ಅರ್ಥ ಮಾಡಿಕೊಂಡು ಕೆಲಸ ಶುರು ಮಾಡಿದೆವು.

ಮಾಡಿದ್ದನ್ನು ಬೇಗ ಹೇಳಿಬಿಡುತ್ತೇನೆ. ಗಾಡಿಯ ಹಾಸಿನ ನಾಲ್ಕು ಮೂಲೆಗೆ ಚೌಕ ಪೈಪಿನ ಕಂಬ ವೆಲ್ಡ್ ಮಾಡಿಸಿ ಮೇಲೊಂದು ಚೌಕಟ್ಟು ಕೂರಿಸಿದೆವು. ಸುತ್ತ ಬಿದಿರು ಚಾಪೆ. ಚೌಕಟ್ಟಿನ ಮೇಲೆ ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಲಗೆ, ನಡುವೆ ಬಾಗಿಲಿನ ಕೀಲು. ಮುಚ್ಚಿದರೆ ಒಂದರ ಮೇಲೊಂದು, ಪುಸ್ತಕದ ಹಾಗೆ. ತೆರೆದರೆ ಒಂದು ಹಲಗೆ ಗಾಡಿಯ ಮೇಲೆ, ಇನ್ನೊಂದು ಹಿಂದಕ್ಕೆ ಗಾಳಿಯಲ್ಲಿ. ಗಾಳಿಯಲ್ಲಿರುವ ಹಲಗೆಗೆ ಏಣಿಯೇ ಕಾಲು. ಹೊರದೇಶದ ಡೇರೆಗಳಲ್ಲೂ ಹೀಗೆಯೇ, ಏಣಿಗೆ ಎರಡು ಕೆಲಸ. ಮೇಲೆ ಕಮಾನು ಬಗ್ಗಿಸಿ ಟಾರ್ಪಾಲು ಹೊದಿಸಿದೆವು. ಹಗ್ಗ ಮಾತ್ರ ನಮ್ಮ ತೆಂಗಿನ ನಾರಿನದೇ.

ಇನ್ನು ಭಾರದ ಲೆಕ್ಕ. ಎರಡು ಚಕ್ರದ ಯಾವ ಗಾಡಿಯೂ ಪಾರ್ಕಿನ ಸೀಸಾ ಇದ್ದ ಹಾಗೆ, ಅಚ್ಚೇ ಅದರ ನಡು. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಕಾರಿನ ಟ್ರೈಲರಿಗೂ ಇದೇ ಕಾನೂನು. ಅದರ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕಾರಿನ ಕೊಂಡಿಯ ಮೇಲಿರಲಿ ಎಂದು ಅಮೆರಿಕದವರು ಹೇಳುತ್ತಾರೆ. ಹಿಂಭಾರವಾದ ಟ್ರೈಲರು ವೇಗದಲ್ಲಿ ಹಾವಿನಂತೆ ಅತ್ತಿತ್ತ ಹೊಯ್ದಾಡಿ ಕಾರನ್ನೂ ಎಳೆದು ಹಾಕುತ್ತದೆ.

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಜಮಾ ಖರ್ಚು ಬರೆದವನು ನಾನು. ಒಂದು ನೋಟ್‌ಬುಕ್ಕಿನ ಎಡಗಡೆ ಅಚ್ಚಿನ ಮುಂದಿನ ಸಾಮಾನು, ಬಲಗಡೆ ಹಿಂದಿನ ಸಾಮಾನು ಬರೆದೆ. ನೀರಿನ ಕ್ಯಾನು ಮುಂದೆ, ಒಲೆ ಪಾತ್ರೆ ಹಿಂದೆ. ಕೊಬ್ಬರಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ನೊಗದ ಹತ್ತಿರ ಮೂಕಿಗೆ ಸಿಕ್ಕಿಸಿ ಎತ್ತಿ ನೋಡಿದರೆ 20 ಕಿಲೋ. ಎತ್ತಿಗೆ ಹೇಳಿ ಮಾಡಿಸಿದ ಭಾರ. ಪುಸ್ತಕದ ಅಡಿಯಲ್ಲಿ ಎರಡು ಗೆರೆ ಎಳೆದು ಸಹಿ ಹಾಕಿದೆ. ಹಾಕಬಾರದಿತ್ತು.

ಪರೀಕ್ಷೆಗೆ ಗಾಡಿಯನ್ನು ತೋಟದ ಅಂಚಿಗೆ ತಳ್ಳಿಕೊಂಡು ಹೋಗಿ, ಮೂಕಿಗೆ ಒಂದು ಕೋಲಿನ ಆಸರೆ ಕೊಟ್ಟು ಡೇರೆ ಬಿಚ್ಚಿದೆವು. ಹಿಂದಿನ ದಿನವಷ್ಟೇ ಅಲ್ಲಿ ನೀರು ಹಾಯಿಸಿದ್ದರು. ಹುಡುಗ ಏಣಿ ಹತ್ತಿ ಮೇಲೆ ಹೋಗಿ "ತಾತ, ಕೆರೆ ಕಾಣುತ್ತೆ!" ಎಂದು ಕೂಗಿದ. ಅಷ್ಟರಲ್ಲಿ ಏಣಿಯ ಕಾಲು ಕೆಸರಿನಲ್ಲಿ ಇಳಿದು, ವಾಲಿ, ಜಾರಿತು. ಮೂಕಿ ಸೊಂಡಿಲಿನಂತೆ ಆಕಾಶಕ್ಕೆ ಎದ್ದಿತು. ಹಲಗೆಯ ಮೇಲಿಂದ ಹುಡುಗ ಜಾರಿ ಬಂದು ಕಾಯಿಸಿಪ್ಪೆಯ ರಾಶಿಯ ಮೇಲೆ ಬಿದ್ದ. ಮೊಳಕೈ ತರಚಿತು, ಅಷ್ಟೇ. ಸಿಪ್ಪೆಯ ಬದಲು ಅಲ್ಲಿ ಬದುವಿನ ಕಲ್ಲಿದ್ದಿದ್ದರೆ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ. ಸಾಯಂಕಾಲ ಸೊಸೆ ಫೋನಿನಲ್ಲಿ ಹೆಚ್ಚೇನೂ ಬಯ್ಯಲಿಲ್ಲ. "ಮಾವ, ನೀವೂ ಜೊತೆಯಲ್ಲಿದ್ದಿರಾ?" ಎಂದು ಮಾತ್ರ ಕೇಳಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ರಾತ್ರಿ ಪುಸ್ತಕ ತೆರೆದು ನೋಡಿದೆ. ಮಕ್ಕಳೇ, ಗುಣಾಕಾರ ನೀವೂ ಮಾಡಿ. ಮೂಕಿಯ ತುದಿ ಅಚ್ಚಿನಿಂದ 10 ಅಡಿ, ಅಲ್ಲಿನ ಭಾರ 20 ಕಿಲೋ: 20ನ್ನು 10ರಿಂದ ಗುಣಿಸಿದರೆ 200. ಹುಡುಗನ ತೂಕ 38 ಕಿಲೋ, ಅವನು ಕೂತದ್ದು ಅಚ್ಚಿನಿಂದ 6 ಅಡಿ ಹಿಂದೆ: 38ನ್ನು 6ರಿಂದ ಗುಣಿಸಿದರೆ 228. ಏಣಿಯ ಆಸರೆ ತಪ್ಪಿದ ಕ್ಷಣಕ್ಕೆ ಗಾಡಿ ಮಗುಚಲೇಬೇಕು. ಬಿಚ್ಚಿದ ಹಲಗೆಯ ತೂಕ ಹಿಂದಕ್ಕೆ ಸರಿದದ್ದು ಬೇರೆ. ನಾನು ಪಾತ್ರೆ, ನೀರು, ಒಲೆ ಎಲ್ಲ ಬರೆದಿದ್ದೆ. ಹುಡುಗನನ್ನೇ ಬರೆದಿರಲಿಲ್ಲ.

ಬೆಳಿಗ್ಗೆ ಎದ್ದರೆ ಅಣ್ಣ ಹಿತ್ತಲಲ್ಲಿದ್ದ. ಎರಡು ವರ್ಷದ ಮೇಲೆ. ಗಾಡಿಯನ್ನು ಒಂದು ಸುತ್ತು ಬಂದು, "ಎತ್ತು ಕಟ್ಟಿದಾಗ ಗಾಡಿ ಒಂದು ಥರ, ಬಿಚ್ಚಿದಾಗ ಒಂದು ಥರ ಕಣೋ. ಎತ್ತು ಬಿಚ್ಚಿದ ಮೇಲೆ ಅದಕ್ಕೆ ಮುಂದೂ ಕಾಲು ಬೇಕು, ಹಿಂದೂ ಕಾಲು ಬೇಕು. ನೀನು ಮುಂದೆ ಮಾತ್ರ ಕೊಟ್ಟಿದ್ದೀಯ. ಇಷ್ಟು ಓದಿ ಏನು ಮಾಡಿದೆ?" ಎಂದ. ನಾನು ಬಿ.ಕಾಂ., ಅವನು ನಾಲ್ಕನೇ ಕ್ಲಾಸು. ಉತ್ತರ ಕೊಡಲಿಲ್ಲ.

ಗಾಡಿಯ ಬಾಲಕ್ಕೆ ಎರಡು ಜಾಲಿ ಮರದ ಕಾಲು, ಕಾಲಿನಡಿಗೂ ಏಣಿಯಡಿಗೂ ಅಗಲವಾದ ಹಲಗೆ ತುಂಡು, ಮೂಕಿಗೆ ನೆಲದಲ್ಲಿ ಗೂಟ ಹೊಡೆದು ಹಗ್ಗದ ಬಿಗಿ. ಎಲ್ಲ ಅವನೇ ನಿಂತು ಮಾಡಿಸಿದ. ಹುಡುಗನನ್ನು ಮೇಲೆ ಬಿಡುವ ಮೊದಲು ನಾಲ್ಕು ಮೂಟೆ ಮರಳು ಏರಿಸಿ ಒಂದು ರಾತ್ರಿ ಬಿಟ್ಟ. ಮೂಟೆ ಬೀಳಲಿಲ್ಲ.

ಜಾಗವನ್ನೂ ಅವನೇ ಬದಲಾಯಿಸಿದ. ತೆಂಗಿನ ಮರದ ಕೆಳಗೆ ಮಲಗುವವನು ದಡ್ಡ ಎಂದ. ನಿಜವೇ. ಅರವತ್ತು ಅಡಿ ಮೇಲಿಂದ ಬೀಳುವ ಕಾಯಿ ಕೆಳಕ್ಕೆ ಮುಟ್ಟುವಾಗ ಗಂಟೆಗೆ 65 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುತ್ತದೆ. ಟಾರ್ಪಾಲು ಅದನ್ನು ತಡೆಯುವುದಿಲ್ಲ. ಒಣಗಿದ ಗರಿಯೇನು ಹಗುರವೇ? ಹಾಗಾಗಿ ತೋಟ ಬಿಟ್ಟು ರಾಗಿ ಹೊಲದ ಕಣಕ್ಕೆ ಹೋಗುವುದೆಂದಾಯಿತು. ಈಗ ಕಣ ಮಾಡುವವರೇ ಕಡಿಮೆ. ತೆನೆಯನ್ನು ಟಾರು ರಸ್ತೆಯ ಮೇಲೆ ಹರವಿ ಲಾರಿಯ ಕೈಯಲ್ಲಿ ತುಳಿಸುತ್ತಾರೆ. ನಮ್ಮದು ಇನ್ನೂ ಸಗಣಿ ಬಳಿದ ಗಟ್ಟಿ ನೆಲ.

ಪಕ್ಕದ ಮನೆಯವರು ತಮ್ಮ ಹಳ್ಳಿಕಾರ್ ಜೋಡಿ ಕೊಟ್ಟರು. ಡೇರೆ ಮಡಚಿ, ಮೇಲೆ ಯಾರೂ ಕೂರದಂತೆ ನೋಡಿಕೊಂಡು ಹೊರಟೆವು. ಹಗ್ಗ ಹಿಡಿದವನು ಅಣ್ಣನೇ. ದಾರಿಯಲ್ಲಿ ಸಿಕ್ಕವರೆಲ್ಲ "ಯಾವ ಜಾತ್ರೆಗೆ?" ಎಂದು ಕೇಳುವವರೇ.

ಆ ಪ್ರಶ್ನೆಗೆ ಅಣ್ಣನ ಬಾಯಿ ಬಿಟ್ಟುಕೊಂಡಿತು. ನಾವು ಚಿಕ್ಕವರಿದ್ದಾಗ ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಕಮಾನು ಗಾಡಿ ಕಟ್ಟುತ್ತಿದ್ದರು. ನಿಟ್ಟೂರು, ಗುಬ್ಬಿ, ತುಮಕೂರು ದಾಟಿ ಕ್ಯಾತ್ಸಂದ್ರ, ನಡುವೆ ಒಂದು ರಾತ್ರಿ ತಂಗಬೇಕು. ಬಿದಿರಿನ ಕಮಾನಿಗೆ ಚಾಪೆ, ಒಳಗೆ ಮೆತ್ತಗೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ. ಅಚ್ಚಿನ ಕೆಳಗೆ ತೂಗುವ ಲಾಟೀನು. ಹೆಂಗಸರು ಮಕ್ಕಳು ಗಾಡಿಯ ಮೇಲೆ, ಗಂಡಸರು ಗಾಡಿಯ ಕೆಳಗೆ. "ನಮ್ಮದೂ ಎರಡಂತಸ್ತೇ ಕಣಯ್ಯ" ಎಂದ ಅಣ್ಣ ಮೊಮ್ಮಗನಿಗೆ.

ಹುಡುಗನೂ ತನಗೆ ತಿಳಿದದ್ದು ಹೇಳಿದ. ಇಂಗ್ಲೆಂಡಿನಲ್ಲಿ 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತ ಸುಖಕ್ಕಾಗಿ ಸುತ್ತಲೆಂದೇ 'ವಾಂಡರರ್' ಎಂಬ ಮನೆಗಾಡಿ ಮಾಡಿಸಿದನಂತೆ. ನೌಕಾಪಡೆಯಲ್ಲಿ ವೈದ್ಯನಾಗಿದ್ದವನು, ಹುಡುಗರಿಗೆ ಕತೆ ಬರೆಯುವವನು. ಎರಡು ಕುದುರೆ ಎಳೆಯುತ್ತಿದ್ದವು. ಜೊತೆಗೊಂದು ನಾಯಿ, ಒಂದು ಕಾಕಟೂ ಗಿಣಿ. ಆಳೊಬ್ಬ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. ಆಮೇಲೆ ಪೂರ್ವ ಜರ್ಮನಿಯವರು ಟ್ರಾಬಂಟ್ ಎಂಬ ಪುಟ್ಟ ಕಾರಿನ ನೆತ್ತಿಯ ಮೇಲೂ ಡೇರೆ ಕೂರಿಸಿದರು. ಆ ಕಾರಿನ ಮೈಯೋ, ಹತ್ತಿಯ ಚೂರು ಪಾರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಅಣ್ಣ ಎಲ್ಲ ಕೇಳಿ, "ಆ ಡಾಕ್ಟರ ಕುದುರೆಗೆ ಹುಲ್ಲು ಎಲ್ಲಿಂದ ತರುತ್ತಿದ್ದನಂತೆ?" ಎಂದ. ಹುಡುಗನ ಹತ್ತಿರ ಉತ್ತರವಿರಲಿಲ್ಲ. ಗಾಡಿಯವನಿಗೆ ಮೊದಲು ಹೊಳೆಯುವುದೇ ಆ ಪ್ರಶ್ನೆ.

ಕಣದಲ್ಲಿ ಒಲೆ ಹೂಡಿ ಮುದ್ದೆ, ಅವರೆಕಾಳಿನ ಸಾರು ಮಾಡಿದೆವು. ಒಂಬತ್ತು ಗಂಟೆಗೆ ಕೃತ್ತಿಕೆ ನೆತ್ತಿಯ ಹತ್ತಿರ ಬಂದಿತ್ತು. ಹುಡುಗ ಮೇಲಿನಿಂದಲೇ ನಕ್ಷತ್ರ ಎಣಿಸಿ ಆರು ಎಂದ. ನನ್ನ ಕಣ್ಣಿಗೆ ಅದೊಂದು ಬಿಳಿ ಮಚ್ಚೆ. ಮಂಡಿ ನೋವಿನವನು ಏಣಿ ಹತ್ತುವಂತಿರಲಿಲ್ಲ, ಕಣದಲ್ಲೇ ಚಾಪೆ ಹಾಸಿದೆ. ಅಣ್ಣ ಗಾಡಿಯೊಳಗೆ, ಬಿದಿರು ಚಾಪೆಯ ಮರೆಯಲ್ಲಿ ಮಲಗಿದ. ರಾತ್ರಿ ಮೂರು ಸಲ ಎದ್ದು ಹಿಂದಿನ ಕಾಲುಗಳನ್ನು ಮುಟ್ಟಿ ನೋಡಿದ್ದು ನನಗೆ ಗೊತ್ತು. ನಾನೂ ಎದ್ದೇ ಇದ್ದೆ.

ಬೆಳಿಗ್ಗೆ ಹುಡುಗ ಒದ್ದೆ ತಲೆಯಲ್ಲಿ ಇಳಿದ. ಮಳೆಯಿಲ್ಲ, ಆದರೂ ಟಾರ್ಪಾಲಿನ ಒಳಗಡೆ ಹನಿ. ಮಲಗಿದವನ ಉಸಿರಿನಲ್ಲಿ ರಾತ್ರಿಗೆ ಒಂದು ಲೋಟದಷ್ಟು ನೀರು ಹೊರಬೀಳುತ್ತದೆ. ಚಳಿಗೆ ತಣ್ಣಗಾದ ಪ್ಲಾಸ್ಟಿಕ್ಕಿಗೆ ಅದು ತಗುಲಿ ಹನಿಯಾಗುತ್ತದೆ. ಅಣ್ಣನ ಬಿದಿರು ಚಾಪೆ ಉಸಿರಾಡುತ್ತದೆ, ಅವನ ಕಂಬಳಿ ಒಣಗಿಯೇ ಇತ್ತು. ಬೇಸಿಗೆ ರಜಕ್ಕೆ ಟಾರ್ಪಾಲು ತೆಗೆದು ದಪ್ಪ ಹತ್ತಿ ಬಟ್ಟೆ ಹೊಲಿಸುವುದೆಂದು ಅವರಿಬ್ಬರೇ ಮಾತಾಡಿಕೊಂಡರು. ನನ್ನನ್ನು ಕೇಳಲಿಲ್ಲ.

ಹುಡುಗ ಊರಿಗೆ ಹೋದ ವಾರಕ್ಕೆ ಗುಜರಿಯವನು ಆಟೋ ತಂದ. ಅಣ್ಣ ಮನೆಯಲ್ಲಿರಲಿಲ್ಲ. ಎರಡೂ ಚಕ್ರ ಬಿಚ್ಚಿಸಿಕೊಂಡು ಪಂಕ್ಚರ್ ಅಂಗಡಿಗೆ ಹೋಗಿದ್ದ.