ತರುಣರ ಆಯಾಸವೂ ರಕ್ತಪರೀಕ್ಷೆಯ ವ್ಯಾಪಾರವೂ

ಮೂವತ್ತರ ಆಸುಪಾಸಿನ ತರುಣರು ತಮಗೆ ಸದಾ ಆಯಾಸವೆಂದೂ, ಎಷ್ಟು ನಡೆದರೂ ಮೈಯ ತೂಕ ಇಳಿಯದೆಂದೂ ಹೇಳಿಕೊಳ್ಳುವುದು ಈಚೆಗೆ ಮನೆಮನೆಯ ಮಾತಾಗಿದೆ. ಇವರನ್ನು ನಮ್ಮಂತಹ ಹಿರಿಯರು ಸೋಮಾರಿಗಳೆಂದು ಜರೆಯುತ್ತೇವೆ. ಪರೀಕ್ಷೆಯ ವ್ಯಾಪಾರಿಗಳು ‘ಪುರುಷ ಹಾರ್ಮೋನು ಕುಂದಿದೆ’ ಎಂದು ಹೆದರಿಸುತ್ತಾರೆ. ಮೊದಲನೆಯ ಅಪರಾಧದಲ್ಲಿ ನಾನೂ ಪಾಲುಗಾರನಾದುದರಿಂದ, ಅದನ್ನು ಒಪ್ಪಿಕೊಂಡೇ ಎರಡನೆಯದನ್ನು ಖಂಡಿಸಲು ಹೊರಟಿದ್ದೇನೆ.

ನನ್ನ ಸೋದರಳಿಯನಿಗೆ ಈಗ 32 ವರ್ಷ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಉದ್ಯೋಗ. ಕಳೆದ ವರ್ಷ ಯುಗಾದಿಗೆ ಬಂದವನು ಎಲೆಯ ಮುಂದೆಯೇ ತೂಕಡಿಸಿದನು. “ನಿನ್ನ ವಯಸ್ಸಿನಲ್ಲಿ ನಾನು ದಿನಕ್ಕೆ ಹತ್ತು ಮೈಲಿ ಸೈಕಲ್ ತುಳಿದು ಪಾಠ ಹೇಳಿ ಬರುತ್ತಿದ್ದೆನಪ್ಪ” ಎಂದೆನು. ಅವನು ಮರುಮಾತಾಡಲಿಲ್ಲ. ಊರಿಗೆ ಹಿಂದಿರುಗಿದವನೇ ಮನೆಯ ಬಾಗಿಲಿಗೆ ಬಂದು ರಕ್ತ ತೆಗೆಯುವ ಒಂದು ಪರೀಕ್ಷಾಲಯಕ್ಕೆ ಹಣ ಕಟ್ಟಿದನು. ಸಂಜೆ ನಾಲ್ಕೂವರೆಗೆ, ಊಟವಾದ ಮೇಲೆ, ರಕ್ತ ತೆಗೆದರು. ಟೆಸ್ಟೋಸ್ಟೆರೋನಿನ ಸಂಖ್ಯೆ ಕೆಂಪಕ್ಷರದಲ್ಲಿ ಬಂತು. ಮರುದಿನವೇ ದೂರವಾಣಿಯಲ್ಲಿ ಚುಚ್ಚುಮದ್ದಿನ ಸಲಹೆಯೂ ಬಂತು.

ಈ ಹಾರ್ಮೋನು ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ತರುಣರಲ್ಲಿ ಬೆಳಗ್ಗೆ ಏರಿದ್ದು ಸಂಜೆಯ ಹೊತ್ತಿಗೆ ಐದರಲ್ಲೊಂದು ಪಾಲಿಗೂ ಮಿಕ್ಕಿ ಇಳಿಯಬಹುದು. ಊಟದಿಂದಲೂ ಜ್ವರಾದಿ ಕಾಯಿಲೆಗಳಿಂದಲೂ ಇಳಿಯುತ್ತದೆ. ಶಿಕಾಗೋ ವಿಶ್ವವಿದ್ಯಾನಿಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ ಹತ್ತು ಮಂದಿ ತರುಣರು ಒಂದು ವಾರ ರಾತ್ರಿ ಐದೇ ಗಂಟೆ ಮಲಗಿದುದರಿಂದ ಹಗಲಿನ ಮಟ್ಟ ನೂರಕ್ಕೆ 10ರಿಂದ 15ರಷ್ಟು ಕುಗ್ಗಿತು. ಆದಕಾರಣವೇ ಅಮೆರಿಕದ ಎಂಡೊಕ್ರೈನ್ ಸೊಸೈಟಿಯು 2018ರಲ್ಲಿ, ಲಕ್ಷಣಗಳಿದ್ದವರಿಗೆ ಮಾತ್ರ, ಬರಿಹೊಟ್ಟೆಯಲ್ಲಿ, ಬೇರೆಬೇರೆ ಬೆಳಗ್ಗೆ ಎರಡು ಸಲ ಪರೀಕ್ಷಿಸಿದಲ್ಲದೆ ಕೊರತೆಯೆಂದು ನಿರ್ಣಯಿಸಕೂಡದೆಂದು ವಿಧಿಸಿತು. ಎಲ್ಲರಿಗೂ ಸಾರಾಸಗಟಾಗಿ ಈ ಪರೀಕ್ಷೆ ಮಾಡುವುದನ್ನೂ ಅದು ಒಪ್ಪಲಿಲ್ಲ. ಸಂಜೆಯ ಒಂದೇ ಹನಿಯ ಮೇಲೆ ಒಬ್ಬನ ಪುರುಷತ್ವವನ್ನು ಅಳೆಯುವುದು ಯಾವ ನ್ಯಾಯ?

ಇದಕ್ಕಿಂತಲೂ ದೊಡ್ಡ ಪ್ರಮಾದವು ಕಾರ್ಯವನ್ನು ಕಾರಣವೆಂದು ಭ್ರಮಿಸುವುದು. ಸ್ಥೌಲ್ಯದಿಂದಲೇ ಈ ಹಾರ್ಮೋನು ಕುಂದುತ್ತದೆ; ತೂಕ ಇಳಿದರೆ ಬಹುಮಟ್ಟಿಗೆ ತಾನಾಗಿ ಏರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನಿಗೆ ಒದಗುವ ಎಂಟು ದೋಷಗಳನ್ನೆಣಿಸುವಾಗ ದೌರ್ಬಲ್ಯವನ್ನೂ ದಾಂಪತ್ಯಸುಖದ ಕಷ್ಟವನ್ನೂ ಸ್ಥೌಲ್ಯದ ಫಲಗಳೆಂದೇ ಹೇಳಿದೆ. ಸ್ಥೌಲ್ಯಕ್ಕೆ ಕಾರಣಗಳನ್ನು ಹೇಳುವಾಗ ಅತಿಭೋಜನ, ಅವ್ಯಾಯಾಮ, ಹಗಲುನಿದ್ದೆಗಳೊಡನೆ ಬೀಜಸ್ವಭಾವವನ್ನೂ ಸೇರಿಸಿದೆ. ಇದನ್ನು ಪಾಠಶಾಲೆಯಲ್ಲಿ ಓದಿದ್ದ ನಾನು, ತಂದೆಯಿಂದ ಬಂದ ಮೈಕಟ್ಟನ್ನು ಹುಡುಗನ ತಪ್ಪೆಂದು ಹಳಿದೆನಲ್ಲ! ಓದಿದ್ದು ನಾಲಗೆಯಲ್ಲೇ ಉಳಿದರೆ ಹೀಗಾಗುತ್ತದೆ.

ಹಾಗಾದರೆ ಆ ಕೊರತೆಯೆಂಬುದೇ ಸುಳ್ಳೆ? ಅಲ್ಲ. ಪಿಟ್ಯುಟರಿ ಗ್ರಂಥಿಯಲ್ಲಿ ಗಂಟು ಬೆಳೆದವರಿಗೆ, ಹುಟ್ಟಿನಿಂದಲೇ ಕ್ಲೈನ್‌ಫೆಲ್ಟರ್ ಸ್ಥಿತಿಯುಳ್ಳವರಿಗೆ, ವೃಷಣಗಳಿಗೆ ಪೆಟ್ಟಾದವರಿಗೆ ಆ ಔಷಧವು ನಿಜವಾಗಿ ಉಪಕಾರಕ. 1935ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಬುಟೆನಾಂಟ್, ರುಜಿಚ್ಕಾ ಇಬ್ಬರಿಗೂ 1939ರ ನೊಬೆಲ್ ಪಾರಿತೋಷಕ ಸಂದದ್ದು ಅಯೋಗ್ಯವಲ್ಲ. ಆದರೆ 1889ರಲ್ಲಿ ಪ್ಯಾರಿಸಿನಲ್ಲಿ 72 ವರ್ಷದ ಪಂಡಿತ ಬ್ರೌನ್-ಸೆಕಾರ್ ನಾಯಿ, ಗಿನಿ ಇಲಿಗಳ ವೃಷಣರಸವನ್ನು ಚುಚ್ಚಿಕೊಂಡು ತಾರುಣ್ಯ ಮರಳಿತೆಂದು ಸಾರಿದ್ದನ್ನೂ ಮರೆಯಬಾರದು. ಆ ನೀರುರಸದಲ್ಲಿ ಹಾರ್ಮೋನು ಇದ್ದದ್ದು ಇಲ್ಲವೆನ್ನುವಷ್ಟು ಕಡಮೆ. ಅಂಥ ವೃದ್ಧವಿದ್ವಾಂಸನನ್ನೇ ಆಸೆಯು ಮೋಸಗೊಳಿಸಿತು.

ಇನ್ನು ಚುಚ್ಚುಮದ್ದಿನ ವಿಷಯ. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳು ವೃಷಣಗಳಿಗೆ ಕಳುಹಿಸುವ ಆಜ್ಞೆಯನ್ನು ನಿಲ್ಲಿಸುತ್ತದೆ. ವೀರ್ಯಾಣುಗಳ ಉತ್ಪತ್ತಿ ಕುಗ್ಗಿ ಕೆಲವೊಮ್ಮೆ ಶೂನ್ಯವಾಗುತ್ತದೆ. ಮದ್ದು ಬಿಟ್ಟ ಮೇಲೆ ಬಹುಜನರಲ್ಲಿ ಅದು ಮರಳುವುದುಂಟು, ಆದರೆ ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷಕ್ಕೂ ಮೀರಿ. ಮದುವೆಯಾಗಿ ಮೂರು ವರ್ಷವಾದ ಹುಡುಗನಿಗೆ ‘ಮಕ್ಕಳು ಬೇಕೆ?’ ಎಂದು ಆ ದೂರವಾಣಿಯವರು ಕೇಳಲಿಲ್ಲ. ಐದು ತಿಂಗಳು ಚುಚ್ಚಿಸಿಕೊಂಡನು. ಬಳಿಕ ದಂಪತಿಗಳು ಬೇರೆ ವೈದ್ಯರ ಬಳಿಗೆ ಹೋದಾಗ ಆತನ ವೀರ್ಯದಲ್ಲಿ ಒಂದು ಅಣುವೂ ಕಾಣಲಿಲ್ಲ.

ಆ ವೈದ್ಯರು ರಕ್ತಕ್ಕಿಂತ ಮೊದಲು ಹೆಂಡತಿಯನ್ನು ವಿಚಾರಿಸಿದರು. “ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರೇ ನಿಂತುಹೋಗುತ್ತದೆ, ಆಮೇಲೆ ಬೆಚ್ಚಿ ಏಳುತ್ತಾರೆ” ಎಂದಳಂತೆ. ನಿದ್ದೆಯಲ್ಲಿ ಶ್ವಾಸನಾಳ ಮುಚ್ಚಿಕೊಳ್ಳುವ ರೋಗವೆಂದು ಒಂದು ರಾತ್ರಿಯ ಪರೀಕ್ಷೆಯಿಂದ ತಿಳಿಯಿತು. ಈ ರೋಗ ತೀವ್ರವಾಗಿದ್ದು ಚಿಕಿತ್ಸೆಯಾಗದವರಿಗೆ ಆ ಚುಚ್ಚುಮದ್ದನ್ನು ಕೊಡಬಾರದೆಂಬುದು ಅದೇ 2018ರ ವಿಧಿಯಲ್ಲಿದೆ! ಥೈರಾಯ್ಡು, ರಕ್ತಹೀನತೆ, ಸಕ್ಕರೆ ಕಾಯಿಲೆ, ಶಾಕಾಹಾರಿಗಳಲ್ಲಿ ಬಿ-12ರ ಕೊರತೆ, ಮನಸ್ಸಿನ ಖಿನ್ನತೆ, ಆಯಾಸಕ್ಕೆ ಇಂಥ ಮೂಲಗಳು ಎಷ್ಟೋ ಇವೆ.

ಪರೀಕ್ಷಾಲಯದ ಮಹಾಶಯರನ್ನು ನಾನು ಕೇಳುವುದು ಎರಡೇ: ರಕ್ತ ತೆಗೆದ ಗಳಿಗೆಯನ್ನು ಸಂಖ್ಯೆಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಮುದ್ರಿಸಿರಿ, ಮಕ್ಕಳ ಅಪೇಕ್ಷೆಯುಂಟೆ ಎಂದು ಕೇಳದೆ ಮದ್ದಿನ ಮಾತೆತ್ತಬೇಡಿರಿ. ಸೋದರಳಿಯನು ಈಗ ರಾತ್ರಿ ಮುಖಕ್ಕೆ ಗಾಳಿಯ ಯಂತ್ರ ಕಟ್ಟಿಕೊಂಡು ಮಲಗುತ್ತಾನೆ. ಈ ಯುಗಾದಿಗೆ ಬಂದಾಗ ತೂಕಡಿಸಲಿಲ್ಲ. ಆತನ ಹೆಂಡತಿ ಮಾತ್ರ, ಮುಂದಿನ ವೀರ್ಯಪರೀಕ್ಷೆಯ ತಾರೀಖನ್ನು ಪಂಚಾಂಗದಲ್ಲಿ ಗುರುತುಮಾಡಿ ಕಾಯುತ್ತಿದ್ದಾಳೆ.