ಧೂಮವೂ ನರವ್ಯಾಧಿಯೂ

ಒಂದು ವ್ಯಾಧಿಗೆ ಒಂದೇ ಕಾರಣವಿರಬೇಕೆಂದು ಬಯಸುವುದು ಬುದ್ಧಿಗೆ ಸಹಜವಾದರೂ, 1868ರಲ್ಲಿ ಪ್ಯಾರಿಸಿನ ಷಾರ್ಕೋ ಸ್ಪಷ್ಟವಾಗಿ ನಿರೂಪಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಆ ಬಯಕೆಗೆ ಇಂದಿಗೂ ಮಣಿದಿಲ್ಲ. ದೇಹವನ್ನು ಕಾಯಬೇಕಾದ ರಕ್ಷಕ ಕಣಗಳೇ ಮಿದುಳು ಬೆನ್ನುಹುರಿಗಳ ನರತಂತುಗಳನ್ನು ಹೊದ್ದಿರುವ ಮಯಲಿನ್ ಪೊರೆಯನ್ನು ಕೆಡಿಸುವ ಈ ರೋಗದಲ್ಲಿ, ಇಪ್ಪತ್ತು ಮೂವತ್ತರ ಪ್ರಾಯದ ಹೆಂಗಸಿಗೆ ಒಂದು ದಿನ ಕಣ್ಣು ಮಂಜಾಗುವುದು, ಕೆಲವು ವಾರಗಳಲ್ಲಿ ತಿಳಿಯಾಗುವುದು, ಮುಂದೊಮ್ಮೆ ಕಾಲು ಜೋಮು ಹಿಡಿದರೆ ಬಿಡದಿರಲೂಬಹುದು.

ಇದಕ್ಕೆ ಕೆಟ್ಟ ಗಾಳಿಯೂ ಕಾರಣವೆ? ಶಂಕೆ ನಿರಾಧಾರವಲ್ಲ. ಧೂಮಪಾನಿಗಳಲ್ಲಿ ಈ ರೋಗ ಸುಮಾರು ಒಂದೂವರೆ ಪಟ್ಟು ಹೆಚ್ಚು. ನಶ್ಯದಂತಹ ಹೊಗೆಯಿಲ್ಲದ ತಂಬಾಕಿಗೆ ಆ ದೋಷವಿಲ್ಲವೆಂದು ಸ್ವೀಡನ್ನಿನಲ್ಲಿ ಕಂಡುದರಿಂದ, ಅಪರಾಧ ನಿಕೋಟಿನ್ನಿನದಲ್ಲ, ಶ್ವಾಸಕೋಶವನ್ನು ಕೆರಳಿಸುವ ಹೊಗೆಯದೆಂದು ಊಹಿಸಲು ಎಡೆಯಾಯಿತು. ಮಿದುಳನ್ನು ಹೊಗುವ ಆ ರಕ್ಷಕ ಕಣಗಳು ಮೊದಲು ಶ್ವಾಸಕೋಶದಲ್ಲಿ ತಂಗಿ ಆ ಸಾಮರ್ಥ್ಯವನ್ನು ಪಡೆಯುವುದನ್ನು 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಆದರೆ ಇಟಲಿಯ ಪಾದುವಾದಲ್ಲಿ ಸೂಕ್ಷ್ಮ ಧೂಳಿಗೂ ರೋಗಕ್ಕೂ ಕಂಡ ಸಂಬಂಧ ಕೆನಡದ ಆಂಟಾರಿಯೋದಲ್ಲಿ ಕಾಣಲಿಲ್ಲ. ಗಾಳಿಯೇ ಮೂಲವಾಗಿದ್ದರೆ ನಮ್ಮ ದೇಶ ಈ ರೋಗದ ತವರಾಗಬೇಕಿತ್ತಷ್ಟೆ, ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತರ ತಂಡ ಎಣಿಸಿದಾಗ ಸಿಕ್ಕವರು ಲಕ್ಷಕ್ಕೆ ಸುಮಾರು 8 ಮಂದಿ, ಉತ್ತರ ಯೂರೋಪಿನಲ್ಲಿಯಾದರೋ ನೂರನ್ನು ಮೀರುವರು.

ಹಾಗೆಂದು ಹೊಗೆ ನಿರ್ದೋಷಿಯಾಗದು. ಎಪ್‌ಸ್ಟೈನ್–ಬಾರ್ ವೈರಸ್ ತಗುಲಿದ ಮೇಲೆ ರೋಗದ ಸಂಭವ 32 ಪಟ್ಟು ಏರುವುದೆಂದು 2022ರಲ್ಲಿ ಅಮೆರಿಕದ ಸೈನಿಕರ ರಕ್ತಪರೀಕ್ಷೆಗಳು ತಿಳಿಸಿದವು. ಆದರೂ ಆ ವೈರಸು ಬಹುಪಾಲು ಎಲ್ಲ ವಯಸ್ಕರಿಗೂ ತಗುಲಿರುವುದು, ರೋಗವೋ ಅತಿವಿರಳ. ಅನುವಂಶ, ಬಿಸಿಲಿನ ಕೊರತೆ ಇವುಗಳ ಜತೆಗೆ ಹೊಗೆಯೂ ಒಂದು ಸಹಕಾರಿಕಾರಣವಾಗಿರಬಾರದೇಕೆ?

ಹೊಗೆ ಮನೆಯೊಳಗೂ ಹುಟ್ಟುವುದಕ್ಕೆ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಕಡೆಯ ಕಾಫಿ ಸೀಮೆಯನ್ನು ನೋಡಿ. ಆನೆಯ ಭಯವನ್ನುಳಿದು ಇಲ್ಲಿ ಬೇರೆ ಭಯವಿಲ್ಲವೆಂದು ಹೊರಗಿನವನು ತಿಳಿಯುವನು. ಆದರೆ ಅಡುಗೆಗೆ ಗ್ಯಾಸು ಬಂದ ಮನೆಯಲ್ಲಿಯೂ ಸ್ನಾನದ ನೀರು ಕಾಯುವುದು ಸೌದೆಯಲ್ಲಿಯೆ. ತೋಟದ ನೆರಳಿನ ಮರಗಳನ್ನು ಸವರುವ ಮರಗಸಿಯ ಕಾಲದಲ್ಲಿ ಕಡಿದಿಟ್ಟ ಕೊಂಬೆ ಮಳೆಗೆ ನೆನೆದಿರುವಾಗ, ಅದನ್ನೇ ಹಂಡೆಯ ಒಲೆಗೆ ತುರುಕಿ, ಕಣ್ಣೊರಸಿಕೊಳ್ಳುತ್ತ ಊದುಗೊಳವೆ ಊದುವ ಹೆಂಗಸು ಸೇವಿಸುವ ಗಾಳಿ ಹೆದ್ದಾರಿಯ ಗಾಳಿಗಿಂತ ಕೆಟ್ಟದಾಗಿರಬಲ್ಲುದು. ಊರಿನ ಮಾಪನಯಂತ್ರದ ಸರಾಸರಿಯನ್ನು ರೋಗಿಯ ವಿಳಾಸಕ್ಕೆ ಹೊಂದಿಸಿ ತೀರ್ಪು ಕೊಡುವ ಅಧ್ಯಯನಗಳಲ್ಲಿ ಆ ಬಚ್ಚಲಿನ ಗಾಳಿಗೆ ಲೆಕ್ಕವಿಲ್ಲ.

ಒಲೆಯ ಹೊಗೆಯನ್ನು ತೊಲಗಿಸಲು ಈ ಅಪರೂಪದ ರೋಗದ ಸಾಕ್ಷ್ಯ ಬೇಕಿಲ್ಲ. ಕೆಮ್ಮು ಉಬ್ಬಸಗಳ ಸಾಕ್ಷ್ಯವೇ ಧಾರಾಳವಾಗಿದೆ. ರೋಗದ ಕಾರಣವನ್ನು ಅರಿಯುವುದು ಬೇರೆಯ ಕೆಲಸ, ಅದಕ್ಕೆ ಪಾದುವಾದ ಹೌದನ್ನಾಗಲಿ ಆಂಟಾರಿಯೋದ ಅಲ್ಲವನ್ನಾಗಲಿ ಎರವಲು ತಂದರಾಗದು. ರೋಗ ಪತ್ತೆಯಾದ ಮಲೆನಾಡಿನವರನ್ನು ಅದೇ ಊರಿನ, ಅದೇ ವಯಸ್ಸಿನ ಆರೋಗ್ಯವಂತರೊಡನೆ ಸರಿತೂಗಿ, ಯಾವ ಒಲೆಯ ಮುಂದೆ ಎಷ್ಟು ವರ್ಷ ಕುಳಿತಿರೆಂದು ಕೇಳಬೇಕು. ರೋಗಿಗಳು ವಿರಳವಾದುದರಿಂದ ಒಂದು ತಾಲ್ಲೂಕು ಸಾಲದು, ಹಾಸನ, ಚಿಕ್ಕಮಗಳೂರು, ಕೊಡಗು ಮೂರು ಜಿಲ್ಲೆಗಳನ್ನೂ ಸೇರಿಸಬೇಕಾದೀತು.