ಮಯೋನೈಸ್ ನಿಷೇಧವಾಯಿತು, ನಿಮ್ಮ ಸಲಾಡ್ ಜಾರ್ ಸುರಕ್ಷಿತವೇ?

2025ರ ಏಪ್ರಿಲ್ 8ರಿಂದ ಅನ್ವಯವಾಗುವಂತೆ ತಮಿಳುನಾಡಿನ ಆಹಾರ ಸುರಕ್ಷತಾ ಆಯುಕ್ತರು ಹಸಿ ಮೊಟ್ಟೆಯ ಮಯೋನೈಸ್‌ನ ತಯಾರಿಕೆ, ಸಂಗ್ರಹ ಮತ್ತು ಮಾರಾಟವನ್ನು ಒಂದು ವರ್ಷ ನಿಷೇಧಿಸಿದರು. ಕಾಯ್ದೆಯ ಪ್ರಕಾರ ಆಯುಕ್ತರು ಇಂಥ ಆದೇಶ ಹೊರಡಿಸಬಹುದಾದ ಗರಿಷ್ಠ ಅವಧಿಯೇ ಒಂದು ವರ್ಷ. ಶವರ್ಮಾ ಅಂಗಡಿಯವರ ಸುದ್ದಿ ಎಂದು ನೀವು ಅದನ್ನು ಬದಿಗಿಟ್ಟಿರಬಹುದು. ಆದರೆ ಚೆನ್ನೈನಲ್ಲಿ ಬೆಳಿಗ್ಗೆ ಏಳೂವರೆಗೆ ಮನೆಯವರ ಕೈಗೆ ಗಾಜಿನ ಜಾರ್‌ನಲ್ಲಿ ಸಲಾಡ್ ಕೊಟ್ಟು ಕಳಿಸುವವರು ನೀವಾದರೆ ಅದು ನಿಮ್ಮ ಸುದ್ದಿಯೂ ಹೌದು. ಆದೇಶಕ್ಕೆ ಕಾರಣವಾದ ಸಾಲ್ಮೊನೆಲ್ಲಾ, ಇ. ಕೋಲೈ, ಲಿಸ್ಟೀರಿಯಾಗಳು ಮಯೋನೈಸ್‌ನಲ್ಲಷ್ಟೇ ಇರುವುದಿಲ್ಲ. ಸರಿಯಾಗಿ ತೊಳೆಯದ ಸೊಪ್ಪಿನಲ್ಲೂ ಮೊಳಕೆಕಾಳಿನಲ್ಲೂ ಇರಬಲ್ಲವು.

ಹಾಗೆಂದು ಸಲಾಡ್ ಬಿಡಬೇಕಿಲ್ಲ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಐಸಿಎಂಆರ್ ಜೊತೆ ನಡೆಸಿದ ಅಧ್ಯಯನವು ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಅಂದಾಜಿಸಿತು. ಅದೇ ಅಧ್ಯಯನದ 2025ರ ವರದಿಯ ಪ್ರಕಾರ ನಮ್ಮ ಊಟದ ಕ್ಯಾಲೊರಿಯಲ್ಲಿ ಸುಮಾರು 62%ರಷ್ಟು ಬರುವುದು ಕಾರ್ಬೋಹೈಡ್ರೇಟ್‌ನಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಿ ಎನ್ನುತ್ತದೆ. ಮೂರು ಡಬ್ಬಿ ಅನ್ನದ ನಡುವೆ ಅಷ್ಟು ತರಕಾರಿಗೆ ಜಾಗ ಎಲ್ಲಿ? ಒಂದು ಜಾರ್ ಆ ಜಾಗ ಮಾಡಿಕೊಡುತ್ತದೆ. ಅನ್ನಕ್ಕಿಂತ ಮೊದಲು ತರಕಾರಿ ತಿಂದರೆ ಊಟದ ನಂತರ ಸಕ್ಕರೆ ಏರುವುದೂ ಕಡಿಮೆ.

ಪದರಗಳ ಗುಟ್ಟು ನಿಮಗೆ ಗೊತ್ತಿರುವುದೇ. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆ ಏಕೆ ಹಾಕುತ್ತೇವೆ? ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಜಾರ್ ಮಾಡುವ ಕೆಲಸ ಉಪ್ಪು, ಹುಳಿಯನ್ನು ತರಕಾರಿಯಿಂದ ದೂರವಿಡುವುದು, ಅಷ್ಟೇ. ತಳದಲ್ಲಿ ನಿಂಬೆರಸ, ಉಪ್ಪು, ಒಂದು ಚಮಚ ಎಣ್ಣೆ. ಅದರ ಮೇಲೆ ಗಟ್ಟಿಯಾದ ಕ್ಯಾರೆಟ್, ಮೂಲಂಗಿ. ನಂತರ ಬೇಯಿಸಿ ಪೂರ್ತಿ ಆರಿಸಿದ ಕಡಲೆ ಅಥವಾ ಹೆಸರುಕಾಳು, ಆಮೇಲೆ ಸೌತೆ, ಎಲ್ಲಕ್ಕಿಂತ ಮೇಲೆ ನೀರು ಒರೆಸಿದ ಸೊಪ್ಪು. ತಿನ್ನುವಾಗ ತಟ್ಟೆಗೆ ಬಗ್ಗಿಸಿದರೆ ತಾನೇ ಕಲೆಯುತ್ತದೆ. ದುಬಾರಿ ಜಾರ್ ಬೇಡ. ಅಗಲ ಬಾಯಿಯ ಹಳೆಯ ಹಾರ್ಲಿಕ್ಸ್ ಬಾಟಲಿ ಸಾಕು, ಮುಚ್ಚಳ ಬಿಗಿಯಾಗಿರಲಿ. ತೆಂಗಿನತುರಿ ಬೇಗ ಹಳಸುತ್ತದೆ, ಅದನ್ನು ರಾತ್ರಿಯೂಟದ ಕೋಸಂಬರಿಗೆ ಇಟ್ಟುಕೊಳ್ಳಿ.

ನಿಜವಾದ ತೊಂದರೆ ಹೊತ್ತಿನದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಹೆಚ್ಚಿದ ತರಕಾರಿ, ಬೇಯಿಸಿದ ಕಾಳು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ತಾಂಬರಂನಲ್ಲಿ ಏಳೂವರೆಗೆ ಚೀಲ ಸೇರಿದ ಜಾರ್, ಲೋಕಲ್ ಟ್ರೈನ್ ಹತ್ತಿ, ಬಸ್ ಬದಲಿಸಿ, ಒಂದು ಗಂಟೆಗೆ ತೆರೆದುಕೊಂಡರೆ ಐದೂವರೆ ಗಂಟೆಯಾಯಿತು. ಅಗ್ನಿ ನಕ್ಷತ್ರದ ದಿನಗಳಲ್ಲಂತೂ ಕೇಳುವುದೇ ಬೇಡ. ನಿಂಬೆಹುಳಿ ರೋಗಾಣುಗಳನ್ನು ಸ್ವಲ್ಪ ತಡೆಯಬಹುದು, ಆದರೆ ಅದು ಇರುವುದು ತಳದಲ್ಲಿ, ಸೊಪ್ಪು ಇರುವುದು ಮೇಲೆ! ಆದ್ದರಿಂದ ಜಾರನ್ನು ರಾತ್ರಿಯೇ ತುಂಬಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಐಸ್ ಪ್ಯಾಕ್ ಜೊತೆ ಥರ್ಮಲ್ ಚೀಲದಲ್ಲಿ ಕಳಿಸಿ, ಆಫೀಸಿಗೆ ಹೋದ ಕೂಡಲೇ ಅಲ್ಲಿನ ಫ್ರಿಜ್‌ಗೆ ಸೇರಿಸಲು ಹೇಳಿ. ಇವೆರಡೂ ಆಗದಿದ್ದರೆ ನನ್ನ ಸಲಹೆ: ಹಸಿ ಸಲಾಡ್ ಬೇಡ, ಬೆಳಿಗ್ಗೆ ಮಾಡಿದ ಬಿಸಿ ಪಲ್ಯವನ್ನು ಬಿಸಿ ಉಳಿಸುವ ಡಬ್ಬಿಯಲ್ಲಿ ಕಳಿಸಿ. ತರಕಾರಿ ತರಕಾರಿಯೇ.

ಮೊಳಕೆಕಾಳಿನ ಬಗ್ಗೆ ಒಂದು ಮಾತು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲೈ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಮೊಳಕೆ ಬರಿಸುವ ಬೆಚ್ಚನೆಯ ತೇವವೇ ರೋಗಾಣುಗಳಿಗೂ ಹಿತ, ಮೇಲೆ ತೊಳೆದರೆ ಅವು ಪೂರ್ತಿ ಹೋಗುವುದಿಲ್ಲ. ಚೆನ್ನಾಗಿ ಬೇಯಿಸಿಯೇ ಹಾಕಿ. ಗರ್ಭಿಣಿಯರು ಹಸಿ ಮೊಳಕೆಯನ್ನು ಮುಟ್ಟದಿರುವುದೇ ಲೇಸು.

ಕೀಮೋಥೆರಪಿ ನಡೆಯುತ್ತಿದ್ದರೆ, ಅಂಗಾಂಗ ಕಸಿಯ ನಂತರದ ಮಾತ್ರೆಗಳಿದ್ದರೆ ಹಸಿ ತರಕಾರಿಗೆ ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಕಿಡ್ನಿ ತೊಂದರೆಯಿದ್ದು ಪೊಟ್ಯಾಸಿಯಂ ಮಿತಿ ಹೇಳಿದ್ದರೆ ಟೊಮೆಟೊ, ಸೊಪ್ಪುಗಳ ಲೆಕ್ಕ ಡಯಟಿಷಿಯನ್ ಬಳಿ ಕೇಳಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ದಿನಕ್ಕೊಂದು ಅಳತೆ ಮಾಡಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇರುವವರು ಅನ್ನವನ್ನು ಪೂರ್ತಿ ಬಿಟ್ಟು ಬರೀ ಸೊಪ್ಪು, ಸೌತೆ ತಿಂದರೆ ಸಂಜೆಯ ಹೊತ್ತಿಗೆ ಸಕ್ಕರೆ ಕುಸಿಯಬಹುದು. ಜಾರ್ ಜೊತೆ ಒಂದು ಚಪಾತಿಯೋ ಸ್ವಲ್ಪ ಅನ್ನವೋ ಇರಲಿ.

ತಿಂದ ಮೇಲೆ ಜ್ವರ, ಭೇದಿಯಲ್ಲಿ ರಕ್ತ, ಅಥವಾ ಕುಡಿದ ನೀರೂ ನಿಲ್ಲದಂಥ ವಾಂತಿ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಸಕ್ಕರೆ, ಬಿಪಿ ಮಾತ್ರೆಗಳನ್ನು ಆ ದಿನ ತೆಗೆದುಕೊಳ್ಳಬೇಕೇ ಎಂಬುದನ್ನು ವೈದ್ಯರಿಗೆ ಫೋನ್ ಮಾಡಿ ಕೇಳಿಕೊಳ್ಳಿ.